ಬೆವರುಪಟ್ಟಿ

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತೊಂದು ವರ್ಷ
ಬೇರೆಯವರ ಹೊಲಕ್ಕೆ, ಮನೆಗೆ, ಮದುವೆಗೆ
ತಾರೀಕು ಗುದ್ದಿದ ಕೈ ಇದು.
ರಿಟೈರಾದ ಮೇಲೂ ನವೆ ಹೋಗಲಿಲ್ಲ.

ಹೊಸಲೈನ್ ರಸ್ತೆಯ ಗುಜರಿ ಖಲಂದರ್
ಮೊದಲನೆಯದನ್ನು ತೂಕಕ್ಕೆ ಕೊಟ್ಟ.
ಉಣ್ಣೆ ಅಂತ, ಕಿಲೋ ಲೆಕ್ಕ. ನೂರಿಪ್ಪತ್ತು ಗ್ರಾಂ.
ಈಗ ಪೆನ್ಷನ್ ಮೊಹಲ್ಲಾದ ನಮ್ಮ ನಡುಮನೆಯಲ್ಲಿ
ನಲವತ್ತಮೂರು ಫೆಲ್ಟ್ ಟೋಪಿ,
ಬೋರಲು ಹಾಕಿದ ಡಬರಿಗಳ ಮೇಲೆ.

ಟೋಪಿ ಹಾಕಿಸಿಕೊಂಡೆ ಅಂದರೆ ನಮ್ಮಲ್ಲಿ
ಯಾರೂ ತಲೆ ನೋಡುವುದಿಲ್ಲ, ಜೇಬು ನೋಡುತ್ತಾರೆ.
ಹಾಗೂ ಆಗಿದೆ. ಮೂಡಿಗೆರೆ ಕಡೆಯವನೊಬ್ಬ
ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದ ಹೊಸದನ್ನು
ದೊರೆಗಳ ಕಾಲದ್ದು ಎಂದು ಮಾರಿದ.
ಹೊಲಿಗೆಯ ಒಂದೆಳೆ ಕಿತ್ತು ಕಡ್ಡಿ ಗೀರಿದೆ:
ಹತ್ತಿ ನೂಲಾದರೆ ಬೂದಿ. ಇದು ಕರಗಿ
ಸಾಸಿವೆಯಾಯಿತು.
ನೈಲಾನ್. ಅದಕ್ಕೂ ನಂಬರು ಕೊಟ್ಟಿದ್ದೇನೆ, ಹದಿನೇಳು.
ಮೋಸಕ್ಕೂ ಒಂದು ಕಾಲ ಇರುತ್ತದಲ್ಲ.

ಮೊದಲು ಮೇಲೆ ನೋಡಬಾರದು. ಮೇಲಿನದು
ಬ್ರಶ್ಶಿಗೆ, ಹಬೆಗೆ ಬಗ್ಗುತ್ತದೆ, ಸುಳ್ಳು ಕಲಿಯುತ್ತದೆ.
ರಿಬ್ಬನ್ನಿನ ಗಂಟು ಎಡಕ್ಕಿದೆಯೇ,
ಅಂಚು ಕೈಹೊಲಿಗೆಯೇ,
ಅಸ್ತರು ರೇಷ್ಮೆಯೋ ರೇಯಾನೋ, ಇವೆಲ್ಲ
ಮದುವೆ ದಲ್ಲಾಳಿ ಹೇಳುವ ಮಾತು.
ನಿಜ ಇರುವುದು ಬೆವರುಪಟ್ಟಿಯ ಹಿಂದೆ.
ನಿದ್ದೆಗಣ್ಣಿನ ಕೂಸಿನ ತುಟಿ ಬಿಡಿಸಿ ಔಷಧಿ ಹಾಕುವ ಹಾಗೆ
ತೊಗಲನ್ನು ಎರಡೇ ಬೆರಳಲ್ಲಿ ಹೊರಳಿಸಿದರೆ
ಅಂಗಡಿಯ ಚೀಟಿ, ಅಳತೆಯ ಅಂಕಿ,
ಒಮ್ಮೊಮ್ಮೆ ಯಾರದೋ ಕೂದಲು.

ದೇವೀರಮ್ಮ ಬಾಗಿಲಲ್ಲೇ ನಿಂತು ಬೈಯುತ್ತಾಳೆ:
"ಸತ್ತೋರ ತಲೆಜಿಡ್ಡು, ಅದೂ ನನ್ನ ಡಬರಿ ಮೇಲೆ.
ನಾನಂತೂ ಮುಟ್ಟಲ್ಲ. ಧೂಳು ನೀವೇ ಹೊಡ್ಕೊಳ್ಳಿ."

ಇಪ್ಪತ್ತೊಂಬತ್ತನೆಯದು ಸಕಲೇಶಪುರದಿಂದ ಬಂದದ್ದು,
ಎಸ್ಟೇಟಿನ ಬಂಗಲೆಯೊಂದನ್ನು ಕೆಡವುವಾಗ.
ಬೂದು ಬಣ್ಣ, ಅಗಲ ಅಂಚು, ಚೀಟಿಯಲ್ಲಿ ಲಂಡನ್ನು,
ಅಳತೆ ಏಳೂಕಾಲು. ದೊಡ್ಡ ತಲೆ.
ಪಟ್ಟಿಯ ಹಿಂದೆ ಪೇಪರಿನ ಮಡಿಕೆ.
ಅಂದರೆ ದೊಡ್ಡ ತಲೆ ಹೋದ ಮೇಲೆ
ಸಣ್ಣ ತಲೆಯೊಂದು ಒಳಗೆ ಬಂದಿತ್ತು,
ರೈಟರನದೋ, ಜೀಪಿನ ಡ್ರೈವರನದೋ.
ಹರಿದ ಜಾಹೀರಾತಿನಲ್ಲಿ ಸೋಪಿನ ಬೆಲೆ
ಮೂವತ್ತೇಳು ನಯಾ ಪೈಸೆ.
ಆ 'ನಯಾ' ಒಂದು ಸಾಕು ನನಗೆ:
ಐವತ್ತೇಳಕ್ಕಿಂತ ಹಿಂದಲ್ಲ,
ಅರವತ್ತನಾಲ್ಕರ ಆಚೆಗಲ್ಲ.
ರಿಜಿಸ್ಟರಿನಲ್ಲಿ ಬರೆದು ಅಡಿಗೆರೆ ಎಳೆದೆ.

ಮೊನ್ನೆ ನುಸಿಗುಳಿಗೆ ಬದಲಿಸುವಾಗ
ಅದೇ ಪಟ್ಟಿ ಹೊರಳಿಸಿದರೆ
ಹಳದಿ ಮಡಿಕೆಯ ಪಕ್ಕ ಇನ್ನೊಂದು, ಬಿಳಿ.
ಹಾಲಿನ ಹುಡುಗನಿಗೆ ಪಾತ್ರೆಯಡಿ ಇಡುವ ಚೀಟಿ:
"ಆಗಸ್ಟ್ ೧೪ ಬುಧವಾರ. ಇವತ್ತು ಹಾಲು ಬೇಡ.
ಯಜಮಾನ್ರು ಊರಲ್ಲಿಲ್ಲ."
ದುಂಡು ಅಕ್ಷರ. ಕೊನೆಯ 'ಲ್ಲ'ದ ಒತ್ತು
ಗೆರೆ ದಾಟಿ ಇಳಿದಿದೆ.
ಸಾಕ್ಷಿಗಳ ರುಜು ಹೋಲಿಸಿ ಹೋಲಿಸಿ
ಪಳಗಿದ ಕಣ್ಣಿಗೆ ಇದೇನು ಕಷ್ಟ.

ಆ ಬುಧವಾರ ನಾನು ಚಿಕ್ಕಮಗಳೂರಿನಲ್ಲಿ
ಮೂವತ್ತೆಂಟನೆಯದಕ್ಕೆ ಚೌಕಾಸಿ ಮಾಡುತ್ತಿದ್ದೆ.

ಟೋಪಿಯನ್ನು ಬೆಳಕಿಗೆ ತಿರುಗಿಸಿದೆ. ಹಿಂಭಾಗ
ಚೂರು ಉಬ್ಬಿದೆ, ತುರುಬಿನಷ್ಟು.
ಮೂಸಿದೆ. ನುಸಿಗುಳಿಗೆಯ ಘಾಟು, ಅದರಡಿ
ಹರಳೆಣ್ಣೆಯೇ? ಅಲ್ಲ, ಕೊಬ್ಬರಿ ಎಣ್ಣೆ.
ಎಷ್ಟು ವರ್ಷವಾಯಿತು ಈ ವಾಸನೆಗೆ
ಇಷ್ಟು ಹತ್ತಿರ ಮೂಗು ತಂದು.
ಒಳಗೆ ಕುಕ್ಕರ್ ಎರಡನೆಯ ಸಲ ಕೂಗಿತು.
ಚೀಟಿಯನ್ನು ಇದ್ದ ಮಡಿಕೆಯಲ್ಲೇ ಸೇರಿಸಿ
ತೊಗಲು ಮುಚ್ಚಿದೆ.

ರಿಜಿಸ್ಟರಿನಲ್ಲಿ, ಇಪ್ಪತ್ತೊಂಬತ್ತರ ಎದುರು,
ಅಡಿಗೆರೆಯ ಕೆಳಗೆ ಇನ್ನೊಂದು ಸಾಲು:
ತೊಟ್ಟವರು, ಮೂರನೆಯವರು.
ಆ ಬುಧವಾರಕ್ಕಿಂತ ಹಿಂದಲ್ಲ.
ಆಮೇಲೆ ಎಷ್ಟು ಸಲ, ಯಾವ ಕನ್ನಡಿಯ ಮುಂದೆ,
ಕಾಗದ ಹೇಳುವುದಿಲ್ಲ.
'ಎಲ್ಲಿಯವರೆಗೆ' ಎಂಬ ಕಾಲಂ ಖಾಲಿ ಬಿಟ್ಟೆ.